ಸೊನ್ನೆ ಹಾಕಿದರೆ ಹತ್ತುಪಟ್ಟು ಆದದ್ದು ಹೇಗೆ?

ಯಾವ ಸಂಖ್ಯೆಯನ್ನಾದರೂ ಹತ್ತರಿಂದ ಗುಣಿಸಬೇಕೆಂದರೆ ಅದರ ಬಲಗಡೆ ಒಂದು ಸೊನ್ನೆ ಹಾಕಿದರಾಯಿತು ಎಂದು ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲರೂ ಕಲಿತವರೇ. ಮೂರು ಹತ್ಲೆ ಮೂವತ್ತು, ಮೂವತ್ತೇಳು ಹತ್ಲೆ ಮುನ್ನೂರ ಎಪ್ಪತ್ತು. ಇಷ್ಟು ಸಲೀಸಾದ ಈ ಉಪಾಯ ಅಶೋಕ ಚಕ್ರವರ್ತಿಯ ಲಿಪಿಕಾರರಿಗೆ ತಿಳಿದಿರಲಿಲ್ಲ ಎಂದರೆ ಆಶ್ಚರ್ಯವಾಗಬಹುದು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನದಲ್ಲಿ 256 ಎಂಬ ಸಂಖ್ಯೆ ಇದೆ. ಆದರೆ ಅದನ್ನು ಎರಡು, ಐದು, ಆರು ಎಂದು ಕೊರೆದಿಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಇನ್ನೊಂದು, ಆರಕ್ಕೆ ಮತ್ತೊಂದು. ಬ್ರಾಹ್ಮಿಯಲ್ಲಿ ಆರರ ಗುರುತಿಗೂ ಅರವತ್ತರ ಗುರುತಿಗೂ ನಂಟಿಲ್ಲ. ಹೀಗಾಗಿ ಅದೇ ಸಂಖ್ಯೆಯ ಹತ್ತುಪಟ್ಟನ್ನು ಬರೆಯಬೇಕಾಗಿದ್ದರೆ ಎರಡು ಸಾವಿರ, ಐನೂರು, ಅರವತ್ತು ಎಂದು ಮೂರು ಗುರುತುಗಳನ್ನೂ ಬದಲಿಸಬೇಕಿತ್ತು. ಸೊನ್ನೆಗೆ ಅಲ್ಲಿ ಕೆಲಸವೇ ಇರಲಿಲ್ಲ.

ಐಹೊಳೆಯ ಮೇಗುತಿ ದೇವಾಲಯದಲ್ಲಿರುವ ರವಿಕೀರ್ತಿಯ ಶಾಸನ ಇನ್ನೂ ಸ್ವಾರಸ್ಯಕರ. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹೇಳುವ ಈ ಶಾಸನದ ಕಾಲ ಶಕ 556, ಅಂದರೆ ಕ್ರಿ.ಶ. 634. ಕವಿ ಈ ವರ್ಷವನ್ನು ಹೇಳಿರುವುದು ಐವತ್ತು, ಆರು, ಐನೂರು ಎಂಬ ಕ್ರಮದಲ್ಲಿ! ಛಂದಸ್ಸಿಗೆ ಹೇಗೆ ಒಗ್ಗಿತೋ ಹಾಗೆ. ಹಿಂದುಮುಂದಾದರೂ ಅರ್ಥ ಕೆಡಲಿಲ್ಲ, ಏಕೆಂದರೆ ಪ್ರತಿಯೊಂದು ಪದವೂ ತನ್ನ ಬೆಲೆಯನ್ನು ತನ್ನೊಳಗೇ ಹೊತ್ತಿದೆ. ನಮ್ಮ ಅಂಕಿಗಳಿಗೆ ಈ ಸ್ವಾತಂತ್ರ್ಯವಿಲ್ಲ. 556 ಹೋಗಿ 565 ಆದರೆ ಒಂಬತ್ತು ವರ್ಷವೇ ವ್ಯತ್ಯಾಸ.

ಅಂಕಿಯ ಬೆಲೆ ಅದು ಕುಳಿತ ಜಾಗದಿಂದ ತೀರ್ಮಾನವಾಗುತ್ತದೆ ಎಂಬುದೇ ಸ್ಥಾನಬೆಲೆ. ಪ್ರತಿ ಸ್ಥಾನವೂ ಅದರ ಹಿಂದಿನ ಸ್ಥಾನದ ಹತ್ತುಪಟ್ಟು ಎಂಬ ನಿಯಮ ರವಿಕೀರ್ತಿಗಿಂತ ಹಿಂದಿನ, ಕ್ರಿ.ಶ. 499ರ ಕಾಲದ ಆರ್ಯಭಟನ ಗ್ರಂಥದಲ್ಲೇ ಇದೆ. ವಿದ್ವಾಂಸರು ಬಲ್ಲ ಈ ಪದ್ಧತಿ ಕಲ್ಲಿನ ಮೇಲೆ ಬರಲು ತಡವಾಯಿತು. ಕಾಂಬೋಡಿಯದ ಸಾಂಬೋರ್ ಶಾಸನದಲ್ಲಿ ಶಕ 605 (ಕ್ರಿ.ಶ. 683) ಎಂಬಲ್ಲಿ ಸೊನ್ನೆ ಒಂದು ಚುಕ್ಕೆಯಾಗಿ ಕಾಣುತ್ತದೆ. ಗ್ವಾಲಿಯರ್‌ನ ಚತುರ್ಭುಜ ದೇವಾಲಯದ 876ರ ಶಾಸನದಲ್ಲಿ ಹೂದೋಟದ ಅಳತೆ 270 ಮೊಳ, ದಿನಕ್ಕೆ 50 ಹೂಮಾಲೆ ಎಂದು ನಾವು ಇಂದು ಬರೆಯುವ ರೀತಿಯಲ್ಲೇ ಇದೆ.

ಕನ್ನಡ ನಾಡಿನ ಪಾಲೂ ಸಣ್ಣದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರುಗಳಿವೆ. ಅಂಕಿಗಳ ಹಾರ ಪೋಣಿಸುವ ಖಯಾಲಿಯೂ ಆತನಿಗಿತ್ತು. 142857143ನ್ನು 7ರಿಂದ ಗುಣಿಸಿ ನೋಡಿ: ಎರಡು ತುದಿಗೆ ಒಂದೊಂದು ಒಂದು, ನಡುವೆ ಎಂಟು ಸೊನ್ನೆಗಳ ಮಣಿಸರ. ಬ್ರಹ್ಮಗಿರಿಯ ಗುರುತುಗಳಲ್ಲಿ ಇಂಥ ಆಟ ಸಾಧ್ಯವೇ ಇರಲಿಲ್ಲ.

ಈಗ ಶಾಲೆಯ ಸೂತ್ರಕ್ಕೆ ಬರೋಣ. 37 ಹತ್ತುಪಟ್ಟಾದಾಗ ನಿಜವಾಗಿ ನಡೆಯುವುದು ಸೊನ್ನೆ ಸೇರುವುದಲ್ಲ. ಮೂರು ಮತ್ತು ಏಳು ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ. ಖಾಲಿ ಬಿದ್ದ ಬಿಡಿ ಸ್ಥಾನವನ್ನು ಕಾಯಲು ಸೊನ್ನೆ ಬರುತ್ತದೆ. ಸೂತ್ರವನ್ನಷ್ಟೇ ಉರುಹೊಡೆದ ಹುಡುಗ 2.5ನ್ನು ಹತ್ತರಿಂದ ಗುಣಿಸು ಎಂದರೆ 2.50 ಎಂದು ಬರೆಯುತ್ತಾನೆ. ಸೊನ್ನೆ ಬಂತು, ಬೆಲೆ ಮಾತ್ರ ಕದಲಲಿಲ್ಲ! ತಪ್ಪು ಹುಡುಗನದಲ್ಲ, ಅರ್ಧ ಮಾತ್ರ ಹೇಳಿಕೊಟ್ಟ ಸೂತ್ರದ್ದು.

ಅಳತೆಗಳು ಹತ್ತರ ಲೆಕ್ಕದಲ್ಲಿ ಇಲ್ಲದಿದ್ದರೆ ಈ ಸೂತ್ರದ ಲಾಭವೂ ಅಷ್ಟಕ್ಕಷ್ಟೆ. ರೂಪಾಯಿಗೆ ಹದಿನಾರಾಣೆ ಇದ್ದಾಗ ಮೂರಾಣೆಯ ಹತ್ತು ವಸ್ತುಗಳಿಗೆ ಮೂವತ್ತಾಣೆ ಎಂದು ಹೇಳಿದರೆ ಸಾಲದು, ಒಂದು ರೂಪಾಯಿ ಹದಿನಾಲ್ಕಾಣೆ ಎಂದು ಮತ್ತೆ ಬಿಡಿಸಬೇಕಿತ್ತು. 1957ರ ಏಪ್ರಿಲ್ 1ರಂದು ನೂರು ನಯಾಪೈಸೆಯ ರೂಪಾಯಿ ಬಂದ ಮೇಲೆಯೇ ಅಂಗಡಿಯ ಲೆಕ್ಕ ಆರ್ಯಭಟನ ನಿಯಮಕ್ಕೆ ಹೊಂದಿಕೊಂಡದ್ದು.

ಬಾಗ್ದಾದಿನ ಅಲ್ ಖ್ವಾರಿಜ್ಮಿಯ ಬರಹಗಳ ಮೂಲಕ ಪಶ್ಚಿಮಕ್ಕೆ ಹೋದ ಈ ಅಂಕಿಗಳನ್ನು ಇಟಲಿಯ ಫಿಬೊನಾಚಿ 1202ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದ. ಆದರೂ 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಇವುಗಳನ್ನು ನಿಷೇಧಿಸಿ, ಮೊತ್ತವನ್ನು ಅಕ್ಷರದಲ್ಲೇ ಬರೆಯಬೇಕೆಂದಿತು. ಅಂಕಿಗಳನ್ನು ತಿದ್ದುವುದು ಸುಲಭ ಎಂಬ ಭಯ ಇದಕ್ಕೆ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಒಂದು ಸೊನ್ನೆ ಗೀಚಿದರೆ ಸಾಲ ಹತ್ತುಪಟ್ಟಾಗುವುದಲ್ಲ!

ಆ ಭಯ ಇನ್ನೂ ಹೋಗಿಲ್ಲ. ಬ್ಯಾಂಕಿನ ಚೆಕ್ಕಿನಲ್ಲಿ ಅಂಕಿಯ ಜೊತೆಗೆ ಅಕ್ಷರದಲ್ಲೂ ಬರೆದು ಕೊನೆಗೆ 'ಮಾತ್ರ' ಎಂದು ಸೇರಿಸುತ್ತೇವೆ. ಎರಡಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿರುವ ಮೊತ್ತವನ್ನೇ ಹಿಡಿಯಬೇಕೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ರವಿಕೀರ್ತಿಯ ಪದ್ಧತಿಗೆ ಬ್ಯಾಂಕಿನಲ್ಲಿ ಈಗಲೂ ಬೆಲೆ ಇದೆ.