ಬಾಳೆಕಾಯಿ ಉಪ್ಪೇರಿ: ಅದರ ಚರಿತ್ರೆ ಮತ್ತು ಸತ್ವ

ನಮ್ಮ ಹೊಸೂರು-ಕೃಷ್ಣಗಿರಿ ಸೀಮೆಯು ಪೂರ್ವದಿಂದಲೂ ರಾಗಿಯ ಸೀಮೆಯೆಂಬುದು ಸರ್ವವಿದಿತವಾದ ಸಂಗತಿ. ಇಲ್ಲಿನ ಕೆಂಪು ನೆಲ, ಮಿತವಾದ ಮಳೆ, ಬೆಂಗಳೂರಿನ ಪ್ರಸ್ಥಭೂಮಿಗೆ ಹೊಂದಿಕೊಂಡ ಹವೆ, ಇವೆಲ್ಲವೂ ಆ ಧಾನ್ಯಕ್ಕೆ ಒಗ್ಗಿದವು. ಆದಾಗ್ಯೂ ಇಂದು ಸಂಜೆಯ ಹೊತ್ತು ಹೆದ್ದಾರಿಯ ಮಗ್ಗುಲಲ್ಲಿರುವ ಯಾವ ಅಂಗಡಿಯ ಮುಂದೆ ನಿಂತರೂ ಕಣ್ಣಿಗೆ ಬೀಳುವುದು ಕುದಿಯುವ ಎಣ್ಣೆಯ ಬಾಣಲೆ, ಮತ್ತು ಅದರಿಂದ ಜಾಲರಿಯಲ್ಲಿ ಎತ್ತಿ ಹಾಕುವ ಹಳದಿ ಬಣ್ಣದ ಬಾಳೆಕಾಯಿ ಬಿಲ್ಲೆಗಳು. ಶಾಲೆ ಬಿಟ್ಟ ಮಕ್ಕಳ ಕೈಯಲ್ಲಿ ಇರುವುದೂ ಅದರ ಪೊಟ್ಟಣವೇ. ಪಶ್ಚಿಮ ಕರಾವಳಿಯ ಹಬ್ಬದೆಲೆಯ ಈ ಪದಾರ್ಥವು ಬಯಲುಸೀಮೆಯ ಮಕ್ಕಳ ದಿನನಿತ್ಯದ ತಿಂಡಿಯಾದುದು ಹೇಗೆ, ಆದುದರಿಂದ ಅವರ ದೇಹಕ್ಕೆ ದಕ್ಕಿದ್ದೇನು, ತಪ್ಪಿದ್ದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಾಳೆಯು ಬಹು ಪುರಾತನವಾದ ಕೃಷಿ. ನ್ಯೂಗಿನಿ ದ್ವೀಪದ ಕುಕ್ ಎಂಬ ಜೌಗು ಪ್ರದೇಶದಲ್ಲಿ ಸುಮಾರು 7000 ವರ್ಷಗಳ ಹಿಂದೆಯೇ ಅದನ್ನು ನೆಟ್ಟು ಬೆಳೆಸುತ್ತಿದ್ದ ಕುರುಹುಗಳು ಭೂಶೋಧಕರಿಗೆ ದೊರೆತಿವೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸನು ಅಡುಗೆಯ ಬಾಳೆಗೆ ಲ್ಯಾಟಿನ್ ಭಾಷೆಯಲ್ಲಿ ಇಟ್ಟ ಹೆಸರಿನಲ್ಲಿ ಸ್ವರ್ಗದ ಸೂಚನೆಯಿದೆ. ನಮ್ಮವರಿಗೆ ಆ ಹೆಸರಿನ ಅಗತ್ಯವಿರಲಿಲ್ಲ. ಹೂವು, ದಿಂಡು, ಕಾಯಿ, ಹಣ್ಣು, ಎಲೆ ಎಲ್ಲವನ್ನೂ ಅವರು ಬಳಸಿ ತಿಳಿದಿದ್ದರು. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ರಚಿಸಿದ 'ಸೂಪಶಾಸ್ತ್ರ'ದಲ್ಲಿ ಬದನೆ, ಹಲಸುಗಳ ಜೊತೆಗೆ ಬಾಳೆಗೂ ಮಾನ್ಯವಾದ ಸ್ಥಾನವಿದೆ. ಅಡುಗೆಯನ್ನು ಪದ್ಯಕ್ಕೆ ತಕ್ಕ ವಿಷಯವೆಂದು ಬಗೆದ ಜನಾಂಗ ನಮ್ಮದು!

ಆದರೆ ನಾವಿಂದು ಚಿಪ್ಸ್ ಎಂದು ಕರೆಯುವ ತಿಂಡಿಗೆ ಯಾವ ಬಾಳೆಯಾದರೂ ಆಗದು. ಅದಕ್ಕೆ ಬೇಕಾದುದು ನೇಂದ್ರ ಬಾಳೆ. ದಪ್ಪ ಕೋನದ, ಗಟ್ಟಿ ತಿರುಳಿನ, ಹಿಟ್ಟಿನಂಶ ಹೆಚ್ಚಾಗಿರುವ ಕಾಯಿ. ಮಲೆಯಾಳದಲ್ಲಿ ಇದರ ಹುರಿದ ಬಿಲ್ಲೆಗೆ ಉಪ್ಪೇರಿ ಎಂದು ಹೆಸರು. ಬೆಲ್ಲದ ಪಾಕ ಬಳಿದರೆ ಅದು ಶರ್ಕರ ಉಪ್ಪೇರಿ. ಓಣಂ ಹಬ್ಬದ ಊಟದಲ್ಲಿ ಇವೆರಡೂ ಎಲೆಯ ತುದಿಯಲ್ಲಿ ನಾಲ್ಕಾರು ಬಿಲ್ಲೆಗಳಷ್ಟು ಬೀಳತಕ್ಕವು. ಕಾಸರಗೋಡಿನ ನಮ್ಮ ಕನ್ನಡ ಬಾಂಧವರಿಗೆ ಇದು ನೆರೆಮನೆಯ ತಿಂಡಿ. ಅವರೂ ನಾವೂ 1956ರ ನವೆಂಬರ್ 1ರವರೆಗೆ ಒಂದೇ ಮದರಾಸು ರಾಜ್ಯದ ಎರಡು ಅಂಚಿನಲ್ಲಿದ್ದವರು. ಅಂದು ಅವರು ಕೇರಳಕ್ಕೆ ಸೇರಿದರು, ನಾವು ಇಲ್ಲಿಯೇ ಉಳಿದೆವು. ಗಡಿ ಗೆರೆಗಳು ಮನುಷ್ಯರನ್ನು ತಡೆದಷ್ಟು ತಿಂಡಿಗಳನ್ನು ತಡೆಯುವುದಿಲ್ಲ.

ಮಾಡುವ ಕ್ರಮವನ್ನು ಸ್ವಲ್ಪ ಗಮನಿಸಬೇಕು, ಏಕೆಂದರೆ ಸತ್ವದ ಲೆಕ್ಕವೆಲ್ಲ ಅಲ್ಲಿಯೇ ಅಡಗಿದೆ. ಬಲಿತ ಆದರೆ ಹಣ್ಣಾಗದ ಕಾಯಿಯನ್ನು ಸುಲಿದು ಬಿಲ್ಲೆಗಳಾಗಿ ಹೆಚ್ಚಿ, ಕಾದ ಕೊಬ್ಬರಿ ಎಣ್ಣೆಗೆ ಬಿಡುತ್ತಾರೆ. ಬೆಂದು ಬರುವ ವೇಳೆಗೆ ಉಪ್ಪು, ಅರಿಸಿನ ಕದಡಿದ ನೀರನ್ನು ಎಣ್ಣೆಗೇ ಚಿಮುಕಿಸುತ್ತಾರೆ. ಭೋರ್ಗರೆವ ಸದ್ದು ಅಡಗಿದಾಗ ತಿಂಡಿ ಸಿದ್ಧ. ಆ ಸದ್ದು ಕಾಯಿಯೊಳಗಿನ ನೀರು ಆವಿಯಾಗಿ ಹೊರಬೀಳುವ ಸದ್ದು. ನೀರು ಬಿಟ್ಟುಹೋದ ಸಣ್ಣ ರಂಧ್ರಗಳಿಗೆ, ವಿಶೇಷವಾಗಿ ಬಿಲ್ಲೆ ಆರುವ ಹೊತ್ತಿನಲ್ಲಿ, ಎಣ್ಣೆ ಸೇರಿಕೊಳ್ಳುತ್ತದೆ. ಬಿಲ್ಲೆ ತೆಳುವಾದಷ್ಟೂ ಅದು ಕುಡಿಯುವ ಎಣ್ಣೆ ಹೆಚ್ಚು. ನೀರಿಲ್ಲದ ಪದಾರ್ಥ ಬೇಗ ಕೆಡದು. ಆದ್ದರಿಂದಲೇ ಇದು ದೂರ ಪ್ರಯಾಣಕ್ಕೂ ಕಡೆಗೆ ಪೊಟ್ಟಣದ ವ್ಯಾಪಾರಕ್ಕೂ ಒದಗಿತು. ಚೆನ್ನೈ, ಬೆಂಗಳೂರು, ಸೇಲಂ ದಾರಿಗಳು ಕೂಡುವ ಕೃಷ್ಣಗಿರಿಗೆ ಅದು ಬಂದು ತಲಪಿದುದರಲ್ಲಿ ಆಶ್ಚರ್ಯವೇನು?

ಇನ್ನು ಸತ್ವದ ಮಾತು. ನಮ್ಮ ದೇಶದಲ್ಲಿ ಆಹಾರವನ್ನು ತೂಗಿ ಅಳೆದು ನೋಡುವ ಶಾಸ್ತ್ರವು ಬೆಳೆದುದು ನೀಲಗಿರಿಯ ಕೂನೂರಿನಲ್ಲಿ. ಮೆಕ್ಯಾರಿಸನ್ ಎಂಬ ವೈದ್ಯರು 1918ರಲ್ಲಿ ಅಲ್ಲಿ ಬೆರಿಬೆರಿ ರೋಗದ ಶೋಧನೆ ಆರಂಭಿಸಿದರು. ಅವರ ಅನಂತರ ಬಂದ ಎಯ್ಕ್ರಾಯ್ಡ್ ಅವರು 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಕೋಷ್ಟಕವನ್ನು ಪ್ರಕಟಿಸಿದರು. ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರು ಪಡೆಯಿತು. ಅದರ ಕೋಷ್ಟಕದಂತೆ ಅಡುಗೆಯ ಬಾಳೆಕಾಯಿಯ 100 ಗ್ರಾಮಿನಲ್ಲಿ 64 ಕ್ಯಾಲರಿ, ಕೊಬ್ಬು ಕೇವಲ 0.2 ಗ್ರಾಂ. ನೇಂದ್ರದ ಬಳಗದ ಗಟ್ಟಿ ಕಾಯಿಗೆ ಅಮೆರಿಕದ ಕೃಷಿ ಇಲಾಖೆಯು ಕೊಡುವ ಲೆಕ್ಕ ಸುಮಾರು 122 ಕ್ಯಾಲರಿ. ಅದೇ ಇಲಾಖೆಯ ಲೆಕ್ಕದಲ್ಲಿ ಬಾಳೆ ಚಿಪ್ಸಿಗೆ 519 ಕ್ಯಾಲರಿ, ಕೊಬ್ಬು 33.6 ಗ್ರಾಂ! ಅವರ ಚಿಪ್ಸಿಗೆ ಸಕ್ಕರೆಯೂ ಬೀಳುತ್ತದೆ, ನಮ್ಮ ಉಪ್ಪಿನ ಬಿಲ್ಲೆಗೆ ಬೀಳದು. ಆದರೆ ಎಣ್ಣೆಯ ಕಥೆ ಎರಡೂ ಕಡೆ ಒಂದೇ. ಒಟ್ಟು ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಾಳೆಯದಲ್ಲ, ಬಾಣಲೆಯದು.

ಹಾಗೆಂದು ಬಾಳೆಯ ಗುಣವೆಲ್ಲ ಸುಟ್ಟುಹೋಯಿತೆನ್ನುವುದೂ ನ್ಯಾಯವಲ್ಲ. ಪೊಟ್ಯಾಸಿಯಂ ಎಂಬ ಲವಣ 100 ಗ್ರಾಂ ಚಿಪ್ಸಿನಲ್ಲಿ 536 ಮಿಲಿಗ್ರಾಂ ಉಳಿದಿರುತ್ತದೆ, ನಾರೂ ಇರುತ್ತದೆ. ತೊಡಕಿರುವುದು ಎಣ್ಣೆಯ ಜಾತಿಯಲ್ಲಿ. ಕೊಬ್ಬರಿ ಎಣ್ಣೆಯಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಮಿಕ್ಕು ಸಂತೃಪ್ತ ಕೊಬ್ಬು. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ. ಅಮೆರಿಕದ ಆ ಲೆಕ್ಕದಂತೆ 100 ಗ್ರಾಮಿಗೆ ಸಂತೃಪ್ತ ಕೊಬ್ಬು 29 ಗ್ರಾಂ. ದಿನಕ್ಕೆ 1800 ಕ್ಯಾಲರಿ ಬೇಕಾದ ಬಾಲಕನಿಗೆ ಅಂಥ ಕೊಬ್ಬು 20 ಗ್ರಾಂ ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಹೊಂದುವ ಮಿತಿ. 30 ಗ್ರಾಂ ಚಿಪ್ಸು, ಅಂದರೆ ಒಂದು ಸಣ್ಣ ಪೊಟ್ಟಣ, ಅದರಲ್ಲಿ ಐದಕ್ಕೆ ಎರಡು ಪಾಲನ್ನು ಮುಗಿಸಿಬಿಡುತ್ತದೆ.

ಕೊಬ್ಬೇ ಪಾಪವೆಂದು ನಾನು ಹೇಳುತ್ತಿಲ್ಲ. ನಮ್ಮ ಹೊಲದ ಕಡಲೆಕಾಯಿಯಲ್ಲಿ ಚಿಪ್ಸಿಗಿಂತಲೂ ಹೆಚ್ಚು ಕೊಬ್ಬಿದೆ, 100 ಗ್ರಾಮಿಗೆ ಸುಮಾರು 40 ಗ್ರಾಂ. ಆದರೆ ಅದರೊಂದಿಗೆ 25 ಗ್ರಾಂ ಸಸಾರಜನಕವೂ ಬರುತ್ತದೆ. ಚಿಪ್ಸಿನಲ್ಲಿ ಬರುವುದು 2.3 ಗ್ರಾಂ. ಮಗುವಿನ ಚಿಕ್ಕ ಹೊಟ್ಟೆಯಲ್ಲಿ ಒಂದು ಪದಾರ್ಥ ಹಿಡಿದ ಜಾಗವನ್ನು ಇನ್ನೊಂದಕ್ಕೆ ಕೊಡಲಾಗದು. ಆದುದರಿಂದ ಕೇಳಬೇಕಾದ ಪ್ರಶ್ನೆ ಚಿಪ್ಸಿನಲ್ಲಿ ಏನಿದೆ ಎಂಬುದಷ್ಟೇ ಅಲ್ಲ, ಅದು ಯಾವುದರ ಸ್ಥಳವನ್ನು ಆಕ್ರಮಿಸಿತು ಎಂಬುದು.

ಆಕ್ರಮಿಸಿದ್ದು ಹುರಿಹಿಟ್ಟಿನ ಸ್ಥಳವನ್ನು. ರಾಗಿಗೆ ನೀರು ಹಾಕಿ ಹದಮಾಡಿ, ಕಾದ ಮರಳಿನಲ್ಲಿ ಅರಳಿಸಿ, ಬೀಸಿ, ಬೆಲ್ಲವನ್ನೋ ಮಜ್ಜಿಗೆಯನ್ನೋ ಕಲಸಿ ಕೊಡುತ್ತಿದ್ದ ಆ ತಿಂಡಿಗೆ ತೊಟ್ಟು ಎಣ್ಣೆ ಬೇಕಿರಲಿಲ್ಲ. ರಾಗಿಯ 100 ಗ್ರಾಮಿನಲ್ಲಿ 344 ಮಿಲಿಗ್ರಾಂ ಸುಣ್ಣದ ಅಂಶವಿದೆಯೆಂದು ಹೈದರಾಬಾದಿನ ಹಳೆಯ ಕೋಷ್ಟಕವೂ, 364 ಎಂದು 2017ರ ಹೊಸ ಕೋಷ್ಟಕವೂ ಹೇಳುತ್ತವೆ. ಚಿಪ್ಸಿನಲ್ಲಿ ಅದು 18 ಮಾತ್ರ. ಹತ್ತು ಹನ್ನೆರಡು ವಯಸ್ಸಿನ, ಎಲುಬು ಬೆಳೆಯುವ ಮಗುವಿಗೆ ದಿನಕ್ಕೆ 850 ಮಿಲಿಗ್ರಾಂ ಬೇಕು. 30 ಗ್ರಾಂ ರಾಗಿಯಿಂದ ನೂರಕ್ಕೂ ಮಿಕ್ಕು ಬಂದರೆ, ಅಷ್ಟೇ ತೂಕದ ಚಿಪ್ಸಿನಿಂದ ಬರುವುದು ಐದು. ರಾಗಿಯ ಸಿಪ್ಪೆಯಲ್ಲಿರುವ ಕೆಲವು ಒಗರು ಪದಾರ್ಥಗಳು ಸುಣ್ಣವೆಲ್ಲ ಮೈಗೆ ಹತ್ತದಂತೆ ತಡೆಯುವುದುಂಟು; ನೆನೆಸಿ ಮೊಳಕೆ ಕಟ್ಟಿದರೆ ಆ ತಡೆ ತಗ್ಗುತ್ತದೆ. ನಮ್ಮ ಅಜ್ಜಿಯಂದಿರು ಕೂಸುಗಳಿಗೆ ಮೊಳಕೆಯ ರಾಗಿಯ ಸರಿ ಮಾಡುತ್ತಿದ್ದುದು ಕೋಷ್ಟಕ ನೋಡಿ ಅಲ್ಲ.

ಈ ರಾಜ್ಯದಲ್ಲಿ ಮಕ್ಕಳ ಹೊಟ್ಟೆಯನ್ನು ಸರಕಾರವು ಮರೆತದ್ದಿಲ್ಲ. 1956ರಲ್ಲಿ ಕಾಮರಾಜರು ಮಧ್ಯಾಹ್ನದ ಊಟವನ್ನು ವ್ಯಾಪಕಗೊಳಿಸಿದರು, 1982ರಲ್ಲಿ ಎಂ.ಜಿ.ಆರ್. ಅದನ್ನು ವಿಸ್ತರಿಸಿದರು, 2022ರಿಂದ ಬೆಳಗಿನ ಉಪಾಹಾರವೂ ಸೇರಿತು. ಉಳಿದಿರುವುದು ಶಾಲೆ ಬಿಟ್ಟ ಮೇಲಿನ ಆ ಒಂದು ಗಳಿಗೆ. ಅದು ಮನೆಯವರ ಕೈಯಲ್ಲಿದೆ, ಅಥವಾ ಅಂಗಡಿಯವನ ಕೈಯಲ್ಲಿ.

ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಸಾರಿದ 2023ರಲ್ಲಿ ನೆರೆಯ ಧರ್ಮಪುರಿ ಹಾಗೂ ನೀಲಗಿರಿ ಜಿಲ್ಲೆಗಳ ಪಡಿತರದಲ್ಲಿ ಎರಡು ಕಿಲೋ ಅಕ್ಕಿಗೆ ಬದಲು ಎರಡು ಕಿಲೋ ರಾಗಿ ಕೊಡುವ ಪ್ರಯೋಗ ಆರಂಭವಾಯಿತು. 2004ರವರೆಗೆ ನಮ್ಮ ಕೃಷ್ಣಗಿರಿ, ಹೊಸೂರುಗಳೂ ಆ ಧರ್ಮಪುರಿ ಜಿಲ್ಲೆಯವೇ. ಎರಡು ಕಿಲೋ ರಾಗಿಯನ್ನು ಹುರಿಹಿಟ್ಟು ಮಾಡಿದರೆ, ಮಗುವೊಂದಕ್ಕೆ ದಿನಕ್ಕೆ 30 ಗ್ರಾಮಿನಂತೆ, ಎರಡು ತಿಂಗಳ ಸಂಜೆಗಳಿಗೆ ಸಾಲುತ್ತದೆ. ಉಪ್ಪೇರಿಯನ್ನು ಹಬ್ಬದ ದಿನ ಎಲೆಯ ತುದಿಯಲ್ಲಿ ನಾಲ್ಕು ಬಿಲ್ಲೆ ಬಡಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.