ನೆರವು, ಸಹಾಯ, ಕುಮ್ಮಕ್ಕು: ಕೆಲವು ಪರ್ಯಾಯಪದಗಳ ಅರ್ಥಚರಿತ್ರೆ

ಆಂಗ್ಲಭಾಷೆಯ ‘ಹೆಲ್ಪ್’ ಎಂಬ ಶಬ್ದಕ್ಕೆ ನೆರವು, ಸಹಾಯ, ಉಪಕಾರ, ಕುಮ್ಮಕ್ಕು ಮೊದಲಾದವುಗಳನ್ನು ಸಮಾನಾರ್ಥಕಗಳೆಂದು ಬರೆಯುವ ವಾಡಿಕೆಯುಂಟು. ಆದರೆ ಇವುಗಳ ಚರಿತ್ರೆಯನ್ನು ಪರಿಶೀಲಿಸಿದಲ್ಲಿ, ನೀಡುವವನಿಗೂ ಪಡೆಯುವವನಿಗೂ ಇರುವ ಸಂಬಂಧವನ್ನು ಒಂದೊಂದು ಪದವೂ ಬೇರೆ ಬೇರೆಯಾಗಿ ಸೂಚಿಸುವುದೆಂದು ವಿದಿತವಾಗುವುದು.

‘ನೆರವು’ ಅಚ್ಚಕನ್ನಡ ಪದವು. ನೆರೆ ಎಂದರೆ ಕೂಡು, ಸಮೀಪಿಸು. ನೆರವಿ ಎಂದರೆ ಜನಸಮೂಹ. ಆದುದರಿಂದ ಹತ್ತಿರಕ್ಕೆ ಬಂದು ಕೂಡಿಕೊಳ್ಳುವುದೇ ನೆರವಿನ ಮೂಲಾರ್ಥ. ಸಂಸ್ಕೃತದ ‘ಸಹಾಯ’ವಾದರೋ ಮೊದಲು ಕ್ರಿಯೆಯಲ್ಲ, ವ್ಯಕ್ತಿ, ಕೂಡ ನಡೆಯುವವನು. ಅಮರಕೋಶದ ಕ್ಷತ್ರಿಯವರ್ಗದಲ್ಲಿ ಇದು ಅನುಪ್ಲವ, ಅನುಚರ, ಅಭಿಚರ ಎಂಬವುಗಳೊಡನೆ ಪಠಿತವಾಗಿದೆ. ಅವನ ಕಾರ್ಯಕ್ಕೆ ಸಂಸ್ಕೃತದಲ್ಲಿ ‘ಸಾಹಾಯ್ಯ’ವೆಂದು ಹೆಸರು. ಕನ್ನಡವು ವ್ಯಕ್ತಿವಾಚಕವನ್ನೇ ಕ್ರಿಯೆಗೆ ಬಳಸಿಕೊಂಡು, ವ್ಯಕ್ತಿಗೆ ‘ಸಹಾಯಕ’ ಎಂಬುದನ್ನು ರೂಢಿಸಿಕೊಂಡಿತು. ‘ಉಪಕಾರ’ವು ಋಣವನ್ನು ಹೊರಿಸುವ ಪದ, ಪ್ರತ್ಯುಪಕಾರವನ್ನು ಅದು ನಿರೀಕ್ಷಿಸುವುದು.

‘ಕುಮ್ಮಕ್ಕು’ ತುರ್ಕಿಮೂಲದ್ದು, ಪಾರಸಿಯ ದ್ವಾರಾ ಬಂದಿತು. ‘ಕುಮಕ್’ ಎಂದರೆ ಯುದ್ಧದಲ್ಲಿ ಬೆಂಬಲಕ್ಕೆ ಬರುವ ಸೇನೆ. ಇಂದಿನ ಕನ್ನಡದಲ್ಲಿ ಈ ಪದವು ಪ್ರಾಯಶಃ ದುಷ್ಕಾರ್ಯದ ಪ್ರೇರಣೆಗೆ ಸಂಕುಚಿತವಾಗಿದೆ. ಆದರೆ ದಕ್ಷಿಣ ಕನ್ನಡ, ಕಾಸರಗೋಡು ಸೀಮೆಗಳ ಭೂದಾಖಲೆಗಳಲ್ಲಿ ‘ಕುಮ್ಕಿ’ಯೆಂಬ ರೂಪವು ಸದರ್ಥವನ್ನು ಉಳಿಸಿಕೊಂಡಿದೆ. ಹಳೆಯ ವರ್ಗ ಜಮೀನಿನಿಂದ 100 ಗಜದೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ಹುಲ್ಲು, ಸೌದೆಗಳಿಗಾಗಿ ಒಕ್ಕಲಿಗನಿಗಿರುವ ವಿಶೇಷ ಸೌಲಭ್ಯವೇ ಕುಮ್ಕಿ. ಸಾಗುವಳಿಗೆ ಅದೇ ನೆರವು.

ಒಕ್ಕಲುತನದ ‘ಮುಯ್ಯಾಳು’ ಎಂಬ ಮಾತು ಈ ಎಲ್ಲಕ್ಕೂ ಭಿನ್ನ. ಮುಯ್ಯಿ ಎಂದರೆ ಪ್ರತಿಫಲ. ಇಂದು ಒಬ್ಬನ ಹೊಲದಲ್ಲಿ ದುಡಿದವನಿಗೆ ನಾಳೆ ಆತನು ತಿರುಗಿ ದುಡಿಯುವನು. ಇಲ್ಲಿ ದಾತನೂ ಇಲ್ಲ, ಯಾಚಕನೂ ಇಲ್ಲ. ಧಾರವಾಡದ ಲಕಮನಹಳ್ಳಿಯಂತೆ ಕೈಗಾರಿಕೆಗಳು ನೆಲೆಸಿದ ಕಡೆಗಳಲ್ಲಿ ಇಂತಹ ಮಾತಿಗೆ ಆಸ್ಪದವು ಕುಗ್ಗುವುದು ಸಹಜ.

ಆದರೂ ಆ ಸಮಾನತೆಯ ಭಾವಕ್ಕೆ ಬೇರೊಂದು ಹೆಸರು ದೊರೆತಿದೆ. 1904ರ ಕಾಯಿದೆಯನ್ನನುಸರಿಸಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ ರೈತರ ಪತ್ತಿನ ಸಂಘವು ಹುಟ್ಟಿತು. ಇಂತಹ ಸಂಘಗಳಿಗೆ ರೂಢವಾದ ಹೆಸರು ‘ಸಹಕಾರ’. ಕಾವ್ಯದಲ್ಲಿ ಕಮ್ಮನೆಯ ಮಾವಿನ ಮರವನ್ನು ಹೇಳುವ ಈ ಶಬ್ದವು, ಕೂಡಿ ಮಾಡುವುದೆಂಬ ತನ್ನ ಅವಯವಾರ್ಥದಿಂದ ಹೊಸ ವ್ಯವಹಾರಕ್ಕೆ ಸಂದಿತು.

ಆದಕಾರಣ ಭಾಷಾಂತರಕಾರರೂ ಅಧ್ಯಾಪಕರೂ ಪರ್ಯಾಯಪದವನ್ನು ಆರಿಸುವಾಗ ಸಂಬಂಧವನ್ನು ಮೊದಲು ವಿಚಾರಿಸಬೇಕು. ಸರಿಸಮಾನರ ನೆರವನ್ನು ಉಪಕಾರವೆಂದು ಬರೆದರೆ, ಇಲ್ಲದ ಋಣವೊಂದನ್ನು ಹೊರಿಸಿದಂತಾಗುವುದು.