ಮಾಳಿಗೆ ಅಗೆದ ನಾಲ್ವರು

ಮುಂಗಾರು ಬರುವ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವುದು ಒಂದು ಕಾಲಕ್ಕೆ ಕೋಲಾರ ಸೀಮೆಯ ಮನೆಗಳಲ್ಲಿ ವರ್ಷವರ್ಷದ ಕೆಲಸ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ-ಸೊಪ್ಪಿನ ಹಾಸು, ಅದರ ಮೇಲೆ ದಪ್ಪಗೆ ಬಡಿದ ಮಣ್ಣು. ಶಿಡ್ಲಘಟ್ಟದ ದಕ್ಷಿಣಕ್ಕಿರುವ ಜಂಗಮಕೋಟೆಯಲ್ಲಿ, ಸುತ್ತಲಿನ ಹಿಪ್ಪುನೇರಳೆ ತೋಟದ ಹಳ್ಳಿಗಳಲ್ಲಿ, ಇಂಥ ಮನೆಯಲ್ಲಿ ಹುಟ್ಟಿದವರು ಈಗಲೂ ಇದ್ದಾರೆ. ಮಾಳಿಗೆ ಎಂದರೆ ಬರೀ ಸೂರಲ್ಲ. ಹುಣಸೆಹಣ್ಣು ಒಣಹಾಕುವ ಜಾಗ, ಬೇಸಿಗೆಯ ರಾತ್ರಿ ಮಲಗುವ ಜಾಗ. ಹತ್ತಲು ಏಣಿಯೋ ಹೊರಗಿನ ಮೆಟ್ಟಿಲೋ ಇದ್ದೇ ಇರುತ್ತಿತ್ತು. ಅಗೆಯಬೇಕೆಂದರೆ ಗುದ್ದಲಿ ಸಾಕು.

ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದ ಮನೆಯೂ ಇಂಥದ್ದೇ. ಗಲಿಲಾಯದ ಕಪೆರ್ನೌಮ್ ಊರು. ಯೇಸು ಮನೆಯೊಳಗೆ ಮಾತಾಡುತ್ತಿದ್ದಾನೆ, ಬಾಗಿಲಾಚೆಗೂ ಜನ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಒಳಗೆ ನುಸುಳಲು ದಾರಿಯಿಲ್ಲ. ಮಾಳಿಗೆ ಹತ್ತುತ್ತಾರೆ, ಅಗೆದು ತೂತು ಮಾಡುತ್ತಾರೆ, ಹಾಸಿಗೆಸಮೇತ ಅವನನ್ನು ಕೆಳಕ್ಕೆ ಇಳಿಬಿಡುತ್ತಾರೆ. ಲೂಕನೂ ಈ ಕಥೆ ಹೇಳುತ್ತಾನೆ. ಆದರೆ ಗ್ರೀಕ್ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಅವನು ಸೂರಿಗೆ ಹೆಂಚು ಹೊದಿಸಿಬಿಟ್ಟಿದ್ದಾನೆ! ಮತ್ತಾಯನ ಕಥನದಲ್ಲಿ ಸೂರಿನ ಸುದ್ದಿಯೇ ಇಲ್ಲ. 1968ರಿಂದ ಕಪೆರ್ನೌಮ್‌ನಲ್ಲಿ ಉತ್ಖನನ ನಡೆಸಿದ ಫ್ರಾನ್ಸಿಸ್ಕನ್ ಪಂಡಿತರಾದ ಕೊರ್ಬೊ ಮತ್ತು ಲೊಫ್ರೆದಾ ಅವರಿಗೆ ಸಿಕ್ಕಿದ್ದು ಕರಿಗಲ್ಲಿನ ಒರಟು ಗೋಡೆಗಳು. ಅವು ಹೊರಬಲ್ಲದ್ದು ರೆಂಬೆ-ಮಣ್ಣಿನ ಹಗುರ ಮಾಡನ್ನಷ್ಟೇ. ಪುರಾತತ್ತ್ವ ಮಾರ್ಕನ ಪರವಾಗಿ ನಿಂತಿತು. ಕೋಲಾರ ಸೀಮೆಯ ರೈತನಿಗೆ ಅಷ್ಟು ದೂರ ಹೋಗಿ ಅಗೆಯುವ ಅಗತ್ಯವಿರಲಿಲ್ಲ. ಲಂಡನ್ನಿನ ಭಾನುವಾರದ ಶಾಲೆಯಲ್ಲಿ ಚಿತ್ರ ತೋರಿಸಿ ವಿವರಿಸಬೇಕಾದ ಸಂಗತಿ ಇಲ್ಲಿ ತಲೆಯೆತ್ತಿ ನೋಡಿದರೆ ಕಾಣುತ್ತಿತ್ತು. (ಕಾರ್ಖಾನೆಯ ಹೆಂಚು ನಮ್ಮ ನಾಡಿಗೆ ಬಂದದ್ದೂ ಮಿಷನ್ ಮೂಲಕವೇ. ಬಾಸೆಲ್ ಮಿಷನ್ನಿನ ಮೊದಲ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದದ್ದು 1865ರಲ್ಲಿ.)

ಈ ಪವಾಡದ ಕೀಲು ಇರುವುದು ಒಂದು ಸರ್ವನಾಮದಲ್ಲಿ. ಯೇಸು ಕಂಡದ್ದು 'ಅವನ' ನಂಬಿಕೆಯನ್ನಲ್ಲ, 'ಅವರ' ನಂಬಿಕೆಯನ್ನು. ಮಲಗಿದವನು ಕಥೆಯುದ್ದಕ್ಕೂ ಒಂದು ಮಾತೂ ಆಡುವುದಿಲ್ಲ, ಏನನ್ನೂ ಬೇಡುವುದಿಲ್ಲ. ನಾಲ್ಕನೇ ಶತಮಾನದ ಜಾನ್ ಕ್ರಿಸೊಸ್ತೊಮ್ ಇದನ್ನು ಗಮನಿಸಿ, ನಂಬಿಕೆ ಇಲ್ಲದಿದ್ದರೆ ಆ ಮನುಷ್ಯ ತನ್ನನ್ನು ಹಾಗೆ ಇಳಿಬಿಡಲು ಒಪ್ಪುತ್ತಿದ್ದನೇ ಎಂದು ರೋಗಿಯ ಪರ ವಾದಿಸಿದ. ವಾದ ಒಪ್ಪುವಂಥದ್ದೇ. ಆದರೂ ಬೆವರು ಸುರಿಸಿದವರು, ಬೇರೆಯವರ ಮನೆ ಅಗೆದು ಬೈಸಿಕೊಳ್ಳಲು ತಯಾರಾದವರು ಆ ನಾಲ್ವರೇ. ಅವರ ಹೆಸರನ್ನು ಮಾರ್ಕ ಹೇಳುವುದಿಲ್ಲ. ಎಷ್ಟು ಜನ ಎಂಬ ಲೆಕ್ಕ ಮಾತ್ರ ಕೊಡುತ್ತಾನೆ.

ಕನ್ನಡದ ಕಿವಿಗೆ ಆ ಲೆಕ್ಕ ಬೇರೆಯೇ ಕೇಳುತ್ತದೆ. ನಮ್ಮಲ್ಲಿ ನಾಲ್ಕು ಜನರ ಹೆಗಲ ಮೇಲೆ ಹೋಗುವವನು ತಿರುಗಿ ಬರುವವನಲ್ಲ. ಇಲ್ಲಿ ನಾಲ್ವರ ಹೆಗಲೇರಿ ಹೋದವನು ತನ್ನ ಹಾಸಿಗೆ ತಾನೇ ಸುತ್ತಿಕೊಂಡು ನಡೆದು ಬರುತ್ತಾನೆ.

ಈ ಸೀಮೆಗೆ ಕ್ರೈಸ್ತ ಬೋಧನೆ ಬಂದದ್ದು ಬ್ರಿಟಿಷರ ಜೊತೆಗಲ್ಲ, ಅದಕ್ಕೂ ಮೊದಲು. 18ನೇ ಶತಮಾನದ ಮೊದಲ ದಶಕದಲ್ಲಿಯೇ ಫ್ರೆಂಚ್ ಜೆಸ್ವಿಟರ 'ಕರ್ನಾಟಿಕ್ ಮಿಷನ್' ಪುಂಗನೂರಿನಿಂದ ಚಿಕ್ಕಬಳ್ಳಾಪುರದವರೆಗೆ ಕೈಚಾಚಿತ್ತು. ಆಗಿನ್ನೂ ಚಿಕ್ಕಬಳ್ಳಾಪುರ ಆವತಿ ವಂಶದ ಪಾಳೆಯಗಾರರದು. ಹೈದರ್ ಅದನ್ನು ಕಸಿದುಕೊಂಡದ್ದು 1762ರಲ್ಲಿ. ಆ ಪಾದ್ರಿಗಳು ಸಂನ್ಯಾಸಿಗಳಂತೆ ಉಟ್ಟು, ಸಸ್ಯಾಹಾರ ಹಿಡಿದು, ತೆಲುಗಿನಲ್ಲಿ ಬೋಧಿಸಿದರು. ಅವರಲ್ಲೊಬ್ಬರಾದ ಫಾದರ್ ಲ ಗಾಕ್ ಫ್ರಾನ್ಸಿಗೆ ಬರೆದ ಪತ್ರಗಳಲ್ಲಿ 'ಚಿನ್ನಬಲ್ಲಾಬರಂ' ಎಂಬ ಊರಿನ ಹೆಸರಿದೆ. ಅಲ್ಲಿ ತಮ್ಮನ್ನು ವಿರೋಧಿಸಿದ ದಾಸರಿಗಳ ಗಲಾಟೆಯ ವರದಿಯೂ ಇದೆ. ಪ್ಯಾರಿಸ್ಸಿನ ಓದುಗರು ಚಿಕ್ಕಬಳ್ಳಾಪುರದ ಹೆಸರು ಕೇಳಿದ್ದು ಹೀಗೆ.

ಕನ್ನಡದ ಪುಸ್ತಕ ಬಂದದ್ದು ಇನ್ನೂ ನೂರು ವರ್ಷದ ಮೇಲೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕೂತರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಒಂದೊಂದು ಸುವಾರ್ತೆಯನ್ನು ಬಿಡಿ ಪುಸ್ತಕವಾಗಿ ಅಚ್ಚುಹಾಕಿ ಸಂತೆ-ಜಾತ್ರೆಗಳಲ್ಲಿ ಪುಡಿಕಾಸಿಗೆ ಮಾರುತ್ತಿದ್ದರು.

ಅನುವಾದದಲ್ಲಿ ಒಂದು ಶಬ್ದ ಮಾತ್ರ ಜಾರುತ್ತಲೇ ಇತ್ತು. ಯೇಸು ಆ ರೋಗಿಗೆ ಮೊದಲು ಹೇಳಿದ್ದು ಎದ್ದೇಳು ಎಂದಲ್ಲ. ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂಬರ್ಥದ ಮಾತು. ಕ್ಷಮಿಸಲು ಇವನಾರು ಎಂದು ಅಲ್ಲಿ ಕೂತಿದ್ದ ಶಾಸ್ತ್ರಿಗಳು ಮನಸ್ಸಿನಲ್ಲೇ ಗೊಣಗಿದ ಮೇಲೆಯೇ ಕಾಲಿಗೆ ಬಲ ಬಂದದ್ದು. 'ಪಾಪ' ಎಂದೊಡನೆ ಹಳ್ಳಿಯವರಿಗೆ ನೆನಪಾಗುವುದು ಹಿಂದಿನ ಜನ್ಮದ ಕರ್ಮ. ಮಾಡಿದ್ದುಣ್ಣೋ ಮಹಾರಾಯ ಎಂಬ ತೀರ್ಪು ರೋಗಿಯ ಮಂಚದ ಪಕ್ಕದಲ್ಲೇ ಕಾದಿರುತ್ತದೆ. ಹುಟ್ಟುಕುರುಡನ ವಿಷಯದಲ್ಲಿ, ಇವನೂ ಪಾಪ ಮಾಡಿದ್ದಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಯೇಸು ಹೇಳಿದ ಮಾತು ಯೋಹಾನನ ಒಂಬತ್ತನೇ ಅಧ್ಯಾಯದಲ್ಲಿದೆ. ಮಾರ್ಕನ ಕಥೆಯನ್ನು ಓದುವವರು ಅದನ್ನೂ ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ರೋಗಿಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆಯೇ.

ಆದರೆ ಕನ್ನಡದ 'ಪಾಪ'ಕ್ಕೆ ಇನ್ನೊಂದು ಮುಖವಿದೆ. "ಅಯ್ಯೋ ಪಾಪ!" ಎಂದಾಗ ಅದು ಕನಿಕರ. ಕಪೆರ್ನೌಮಿನ ಆ ಮನೆಯಲ್ಲಿ ಶಾಸ್ತ್ರಿಗಳಿಗೆ ಕೇಳಿದ್ದು ಮೊದಲನೆಯ ಪಾಪ. ಹಗ್ಗ ಹಿಡಿದು ಮಾಳಿಗೆಯ ಮೇಲೆ ನಿಂತ ನಾಲ್ವರಿಗೆ ಗೊತ್ತಿದ್ದದ್ದು ಎರಡನೆಯದು. 'ನಂಬಿಕೆ'ಯ ವಿಷಯವೂ ಹೀಗೆಯೇ. ಪ್ರಾಟೆಸ್ಟಂಟರ ಕನ್ನಡ ಬೈಬಲ್ ಈ ಪದವನ್ನು ಆರಿಸಿಕೊಂಡಿತು, ಕಥೋಲಿಕರು 'ವಿಶ್ವಾಸ' ಎನ್ನುತ್ತಾರೆ. ಹಳ್ಳಿಯಲ್ಲಿ ನಂಬಿಕೆ ಎಂದರೆ ಸಾಲ ಕೊಡುವಾಗ ನೋಡುವಂಥದ್ದು, ಎತ್ತು ಎರವಲು ಕೊಡುವಾಗ ನೋಡುವಂಥದ್ದು. ಅದು ತಲೆಯೊಳಗಿನ ಸಿದ್ಧಾಂತವಲ್ಲ, ಇನ್ನೊಬ್ಬರ ಮೇಲೆ ಭಾರ ಹಾಕುವ ಕೆಲಸ. ಮಾರ್ಕನ ಕಥೆಗೆ ಇದಕ್ಕಿಂತ ಒಪ್ಪುವ ಪದ ಸಿಗುವುದು ಕಷ್ಟ.

ಹೊರುವವರೇ ಇಲ್ಲದಂತಾದ ಕಾಲವೂ ಬಂತು. 1876ರಿಂದ 78ರವರೆಗಿನ ಧಾತು-ಈಶ್ವರ ಬರ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯಲ್ಲಿ 42 ಲಕ್ಷಕ್ಕೂ ಕೆಳಗಿತ್ತು. ಕೋಲಾರ ಜಿಲ್ಲೆಗೆ ಬಿದ್ದ ಏಟು ದೊಡ್ಡದು. ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಮಹಿಳೆ ಬರದ ಅನಾಥ ಮಕ್ಕಳಿಗೆ ಆಶ್ರಮ ತೆರೆದು ನಡೆಸಿ, 1890ರಲ್ಲಿ ಅದನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು. ಮೆಥಡಿಸ್ಟರು ಅಲ್ಲಿ 1910ರಲ್ಲಿ ಕಟ್ಟಿದ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯನ್ನು ಜನ ಇಂದಿಗೂ ಇ.ಟಿ.ಸಿ.ಎಂ. ಎನ್ನುತ್ತಾರೆ.

ಚಿಕ್ಕಬಳ್ಳಾಪುರದ ಭಾಗ ಲಂಡನ್ ಮಿಷನ್ನಿನದು. ಅಲ್ಲಿ ದುಡಿದವರಲ್ಲಿ ಕನ್ನಡ ಓದುಗರಿಗೆ ಪರಿಚಿತ ಹೆಸರು ಇ. ಪಿ. ರೈಸ್, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು, ಶಾಸನಗಳ ಬಿ. ಎಲ್. ರೈಸರ ತಮ್ಮ. ವಚನಗಳ ಪರಿಚಯವಿದ್ದ ಪಾದ್ರಿಗೆ ಜಂಗಮಕೋಟೆ ಎಂಬ ಹೆಸರೇ ಒಂದು ಒಗಟಿನಂತೆ ಕಂಡಿರಬೇಕು. ಜಂಗಮವೆಂದರೆ ಚಲಿಸುವುದು, ಕೋಟೆಯೋ ಅಲ್ಲಾಡದ ಸ್ಥಾವರ. ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿಟ್ಟ ಊರಿನವರಿಗೆ, ಸ್ಥಾವರದಂತೆ ಬಿದ್ದವನು ಎದ್ದು ನಡೆದ ಕಥೆ ಹೊಸದೆನಿಸಿದರೂ ಅದರ ಅರ್ಥ ಹೊರಗಿನದೆನಿಸುತ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆ ಎದ್ದದ್ದು 1910ರ ದಶಕದ ಆರಂಭದಲ್ಲಿ. ಕಡಪಾ ಜಿಲ್ಲೆಯ ಜಮ್ಮಲಮಡುಗುವಿನಲ್ಲಿ ಆಸ್ಪತ್ರೆ ಬೆಳೆಸಿದ್ದ ಡಾ. ಟಿ. ವಿ. ಕ್ಯಾಂಪ್‌ಬೆಲ್ ಇಲ್ಲಿಗೆ ಬಂದರು. ತೆಲುಗು ಬಲ್ಲ ವೈದ್ಯರಿಗೆ, ಮನೆಯಲ್ಲೊಂದು ಸಂತೆಯಲ್ಲೊಂದು ಭಾಷೆ ಆಡುವ ಈ ಸೀಮೆ ಪರಕೀಯವಾಗಿರಲಿಲ್ಲ. ಆಸ್ಪತ್ರೆಗೆ ಇಟ್ಟ ಹೆಸರು ರಾಲ್ಫ್ ವಾರ್ಡ್‌ಲಾ ಥಾಮ್ಸನ್ ಅವರದು. ಲಂಡನ್ನಿನ ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮಿಷನ್ನಿನ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಈ ದೊರೆ ಹುಟ್ಟಿದ್ದು 1842ರಲ್ಲಿ, ನಮ್ಮ ಬಳ್ಳಾರಿಯಲ್ಲಿ!

ಮಿಷನ್ ಆಸ್ಪತ್ರೆಗಳ ಆ ಕಾಲದ ಅಂಗಳವನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಹೊರರೋಗಿಗಳು ಸೇರಿದ ಮೇಲೆ ಬೆಳಗಿನ ಪ್ರಾರ್ಥನೆ, ಒಂದು ಸುವಾರ್ತಾ ಭಾಗದ ಓದು, ಆಮೇಲೆ ಚೀಟಿ, ಔಷಧಿ. ಪವಾಡದ ಕಥೆಗಳೇ ಹೆಚ್ಚು. ಮಾರ್ಕನ ನಾಲ್ವರು ಮತ್ತೆ ಮತ್ತೆ ಬರಲೇಬೇಕಾದವರು. ಒಳಗೆ ಒಬ್ಬ ರೋಗಿಯಿದ್ದರೆ ಹೊರಗೆ ನಾಲ್ಕಾರು ಮಂದಿ: ಮೂರು ಕಲ್ಲಿನ ಒಲೆ, ರಾಗಿಹಿಟ್ಟಿನ ಗಂಟು, ಮರದ ನೆರಳಿನಲ್ಲಿ ಬಿಚ್ಚಿದ ಗಾಡಿ. ಜಂಗಮಕೋಟೆ ಕಡೆಯಿಂದ ಎತ್ತಿನ ಗಾಡಿಗೂ ಅದು ಇಡೀ ದಿನದ ದಾರಿ. ನಾಟಿಮದ್ದು, ಮಂತ್ರ, ಹರಕೆ ಎಲ್ಲ ಮುಗಿದ ಮೇಲೆಯೇ ಆಸ್ಪತ್ರೆಯ ನೆನಪಾಗುತ್ತಿದ್ದ ಕಾಲ. ಆ ಹೊತ್ತಿಗೆ ರೋಗಿ ಕೂರುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಮಂಚದ ಸಮೇತವೇ ಹೊರಬೇಕು. ಅದೇ ದಶಕದಲ್ಲಿ ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಪುಟ್ಟ ಹಳಿಯ ರೈಲು ಬಂತು. ಶಿಡ್ಲಘಟ್ಟದವರೆಗೆ ಹೊತ್ತರೆ ಸಾಕಾಯಿತು.

ಇಲ್ಲಿಂದ ಮುಂದೆ ಕಥೆ ಮಿಷನ್ನಿನ ಲೆಕ್ಕಕ್ಕೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಗುಣವಾದವರು ಕೃತಜ್ಞರಾಗಿ ಮನೆಗೆ ಹೋದರು. ಅವರಲ್ಲಿ ಬಹುಪಾಲು ಮಂದಿ ಬಂದ ಧರ್ಮದಲ್ಲೇ ಉಳಿದರು. ಆಸ್ಪತ್ರೆಗೆ ಹಣ ಕಳಿಸುತ್ತಿದ್ದ ಇಂಗ್ಲೆಂಡಿನ ಸಭೆಗಳಿಗೆ ಇದು ಕಸಿವಿಸಿಯ ಪ್ರಶ್ನೆ. ವೈದ್ಯಸೇವೆ ಬೋಧನೆಗೆ ಹಿಡಿದ ಗಾಳವೋ ಅಥವಾ ಅದೇ ಬೋಧನೆಯೋ? 1932ರಲ್ಲಿ ಅಮೆರಿಕದ ಪ್ರೊಫೆಸರ್ ಹಾಕಿಂಗ್ ಅಧ್ಯಕ್ಷತೆಯ ಸಮಿತಿ 'ರೀಥಿಂಕಿಂಗ್ ಮಿಷನ್ಸ್' ಎಂಬ ವರದಿಯಲ್ಲಿ, ಚಿಕಿತ್ಸೆಗೆ ಬಂದವನನ್ನು ಮತಬೋಧನೆಗೆ ಒಡ್ಡುವುದು ಸಲ್ಲದು, ಸೇವೆ ತನ್ನಷ್ಟಕ್ಕೆ ತಾನೇ ಪೂರ್ಣ ಎಂಬ ನಿಲುವಿಗೆ ಬಂತು. ಅದರ ಮೇಲೆ ದೊಡ್ಡ ಗದ್ದಲವೇ ಆಯಿತು.

ಗದ್ದಲ ಮಾಡಿದವರು ಮಾರ್ಕನ ಎರಡನೇ ಅಧ್ಯಾಯವನ್ನು ಇನ್ನೊಮ್ಮೆ ತೆರೆದಿದ್ದರೆ ಚೆನ್ನಾಗಿತ್ತು. ಆ ನಾಲ್ವರು ಆಮೇಲೆ ಶಿಷ್ಯರಾದರೆಂದು ಅಲ್ಲಿಲ್ಲ. ಗುಣವಾದವನಿಗೂ ತನ್ನನ್ನು ಹಿಂಬಾಲಿಸು ಎಂದು ಯೇಸು ಹೇಳುವುದಿಲ್ಲ. ಮನೆಗೆ ಹೋಗು ಎನ್ನುತ್ತಾನೆ. ಹಿಂಬಾಲಿಸು ಎಂಬ ಮಾತು ಬರುವುದು ಮುಂದಿನ ಪ್ರಸಂಗದಲ್ಲಿ, ಸುಂಕದ ಕಟ್ಟೆಯಲ್ಲಿ ಕೂತಿದ್ದ ಲೇವಿಗೆ. ಅವನೋ ಗಟ್ಟಿಮುಟ್ಟಾಗಿದ್ದವನು. ಕ್ರೈಸ್ತರು ಈ ಪವಾಡದಿಂದ ಕಲಿಯಬೇಕಾದ ಪಾಠಗಳಲ್ಲಿ ಇದು ಸಣ್ಣದಲ್ಲ: ನಂಬಿಕೆಗೆ ಯೇಸು ಅಲ್ಲಿ ಕೇಳಿದ ಸಾಕ್ಷಿ ಸಭೆಯ ದಾಖಲೆ ಪುಸ್ತಕವಲ್ಲ, ಮಾಳಿಗೆಯ ತೂತು. ಈ ಅಳತೆಗೋಲಿನಲ್ಲಿ ನೋಡಿದರೆ, ಗಾಡಿ ಕಟ್ಟಿಕೊಂಡು ಬಂದು ಅಂಗಳದಲ್ಲಿ ಮುದ್ದೆ ಬೇಯಿಸಿಕೊಂಡು ಕಾದ ಒಕ್ಕಲಿಗರು, ಬಲಜಿಗರು, ಹೊಲೆಮಾದಿಗರು, ಮುಸಲ್ಮಾನರು, ಜಂಗಮರು ಎಲ್ಲರೂ ಆ ಕಥೆಯ ಒಳಗಿನವರೇ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಿತು. ಲಂಡನ್ ಮಿಷನ್ನಿನ ಆಸ್ಪತ್ರೆ ಸಿ.ಎಸ್.ಐ. ಆಸ್ಪತ್ರೆಯಾಯಿತು, ವಾರ್ಡ್‌ಲಾ ಥಾಮ್ಸನ್ ಹೆಸರು ಜನರ ಬಾಯಿಂದ ಜಾರಿತು. ಪುಟ್ಟ ಹಳಿಯ ಜಾಗದಲ್ಲಿ 2013ರಲ್ಲಿ ದೊಡ್ಡ ಹಳಿ ಬಂತು. ಮಣ್ಣಿನ ಮಾಳಿಗೆಗಳ ಜಾಗವನ್ನು ಆರ್‌ಸಿಸಿ ತಾರಸಿ ಹಿಡಿಯಿತು. ಅದನ್ನು ಗುದ್ದಲಿಯಲ್ಲಿ ಅಗೆಯುವುದಂತೂ ಆಗದ ಮಾತು.

ಮಿಷನ್ ವರದಿಗಳಲ್ಲಿ ವೈದ್ಯರ ಹೆಸರಿರುತ್ತದೆ, ದಾನಿಗಳ ಹೆಸರಿರುತ್ತದೆ. ಹೊತ್ತು ತಂದವರದು ಮಾರ್ಕನ ಸುವಾರ್ತೆಯ ಹಾಗೆಯೇ ಬರೀ ತಲೆಲೆಕ್ಕ. ಜಂಗಮಕೋಟೆ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮನೆಗಳಲ್ಲಿ ತೊಂಬತ್ತರ ಆಸುಪಾಸಿನ ಅಜ್ಜಿಯರಿದ್ದರೆ, ತಮ್ಮ ಹೆತ್ತವರು ಯಾರನ್ನು ಯಾವ ಗಾಡಿಯಲ್ಲಿ ಮಿಷನ್ ಆಸ್ಪತ್ರೆಗೆ ಕರೆದೊಯ್ದರು, ಜೊತೆಗೆ ಯಾರು ಹೋದರು, ಅಲ್ಲಿ ಏನು ಕೇಳಿಸಿಕೊಂಡರು ಎಂದು ಕೂತು ಕೇಳಿ, ಬರೆದಿಡಿ.